ಓದಿನ ಹಿಂದೆ ಅಡಗಿದ್ದ ದುಃಖ: ಮಲೆನಾಡಿನ ಮೇಷ್ಟ್ರೊಬ್ಬರ ಪ್ರಕರಣ

ಇದು ಒಬ್ಬ ನಿವೃತ್ತ ಮೇಷ್ಟ್ರ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ಗುರುತು ಸಿಕ್ಕಿಬಿಡುವಂಥ ಕೆಲವು ಸಂಗತಿಗಳನ್ನು ಪೂರ್ತಿ ಕೈಬಿಟ್ಟಿದ್ದೇನೆ. ಬರೆದ ಮೇಲೆ ಅವರಿಗೇ ಓದಲು ಕೊಟ್ಟೆ. ಒಂದು ಪ್ಯಾರಾಕ್ಕೆ ಅಡ್ಡಗೆರೆ ಎಳೆದು "ಇದು ನಮ್ಮಲ್ಲೇ ಇರಲಿ" ಅಂದರು. ಅದು ಇಲ್ಲಿಲ್ಲ.

ನಾನು ಶಿವಮೊಗ್ಗದಲ್ಲಿ ಆಪ್ತ ಸಮಾಲೋಚಕಿ. ಮನೆಯಲ್ಲಿ ಸಾವು ಕಂಡು ಬರುವವರು ನನ್ನ ಹತ್ತಿರ ಜಾಸ್ತಿ. ಹೆಚ್ಚಿನವರು ಅಳುತ್ತಾರೆ, ಸಿಡುಕುತ್ತಾರೆ, ನಿದ್ದೆ ಇಲ್ಲ ಅನ್ನುತ್ತಾರೆ. ಮನೆಯವರ ಕಣ್ಣಿಗೆ ಅದು ಬೀಳುತ್ತದೆ. ಈ ಮೇಷ್ಟ್ರ ದುಃಖ ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಅವರು ಓದುತ್ತಿದ್ದರು. ಅದೂ ಸಾವಿನ ಬಗ್ಗೆಯೇ ಓದುತ್ತಿದ್ದರು. ನೋಡಿದವರೆಲ್ಲ "ಎಷ್ಟು ಗಟ್ಟಿ ಮನುಷ್ಯ" ಅಂದುಕೊಂಡರು. ನಿಮ್ಮ ಮನೆಯಲ್ಲೂ ಇಂಥ ಓದುಗರೊಬ್ಬರು ಇರಬಹುದು. ಅದಕ್ಕೇ ಇಷ್ಟು ವಿವರ.

ಹಿನ್ನೆಲೆ

ಮೇಷ್ಟ್ರಿಗೆ ಅರವತ್ತು ದಾಟಿತ್ತು. ತೀರ್ಥಹಳ್ಳಿ ಸೀಮೆಯ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಮಾಡಿದವರು. ಹಂಚಿನ ಮನೆ, ಸ್ವಲ್ಪ ಅಡಿಕೆ ತೋಟ, ಹಿಂದೆ ಗುಡ್ಡ. ಒಬ್ಬಳೇ ಮಗಳು, ಬೆಂಗಳೂರಲ್ಲಿ ಕೆಲಸ. ಪಕ್ಕದ ಮನೆಯಲ್ಲಿ ಅಣ್ಣನ ಮಗ, ಅವನ ಹೆಂಡತಿ.

2021ರ ಮೇ ತಿಂಗಳು. ಕೊರೊನಾದ ಎರಡನೇ ಅಲೆ. ಗಂಡ ಹೆಂಡತಿ ಇಬ್ಬರಿಗೂ ಜ್ವರ ಬಂತು. ಹೆಂಡತಿಗೆ ಉಸಿರಾಡಲು ಕಷ್ಟವಾದಾಗ ಆಂಬುಲೆನ್ಸ್ ಬಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋಯಿತು. ಮೇಷ್ಟ್ರಿಗೂ ಪಾಸಿಟಿವ್ ಆಗಿತ್ತು, ಹೊರಗೆ ಕಾಲಿಡುವಂತಿರಲಿಲ್ಲ. ದಣಪೆ ದಾಟುವ ಮೊದಲು ಆಕೆ ತಿರುಗಿ "ಹಾಲು ಒಲೆ ಮೇಲಿದೆ, ನೋಡಿ" ಅಂದರಂತೆ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಕೆಲವು ದಿನ ಬಿಟ್ಟು ಫೋನ್ ಬಂತು. ಶವ ಊರಿಗೆ ಬರಲಿಲ್ಲ. ಪಿಪಿಇ ಕಿಟ್ ಹಾಕಿಕೊಂಡವರು ನಗರದ ಚಿತಾಗಾರದಲ್ಲಿ ದಹನ ಮಾಡಿದರು. ಅಣ್ಣನ ಮಗ ದೂರ ನಿಂತು ನೋಡಿದ. ಕೂಡ್ಲಿಗೆ ಹೋಗಿ, ತುಂಗೆ ಭದ್ರೆ ಸೇರುವಲ್ಲಿ ಅಸ್ಥಿ ಬಿಟ್ಟು ಬಂದವನೂ ಅವನೇ. ಮೇಷ್ಟ್ರು ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಉಳಿದ ಕರ್ಮಗಳಿಗೆ ಪುರೋಹಿತರೊಬ್ಬರು ಬಂದು ಹೋದರು. ಊರವರು ಬರುವಂತಿರಲಿಲ್ಲ.

ನಮ್ಮ ಕಡೆ ಸಾವಿನ ಮನೆ ಅಂದರೆ ಜನ. ಅಂಗಳ ತುಂಬ ಚಪ್ಪಲಿ. ಯಾರೋ ಕೊಟ್ಟಿಗೆ ನೋಡಿಕೊಳ್ಳುತ್ತಾರೆ, ಯಾರೋ ಒಲೆ ಮುಂದೆ ಕೂರುತ್ತಾರೆ. ಜಗಲಿಯಲ್ಲಿ ಸತ್ತವರ ಮಾತೇ ಮಾತು. ಹೇಗೆ ಬಿದ್ದರು, ಕೊನೆಗೆ ಏನು ತಿಂದರು, ಯಾರ ಹೆಸರು ಹೇಳಿದರು. ಬಂದವರಿಗೆಲ್ಲ ಮನೆಯವರು ಅದನ್ನೇ ಮತ್ತೆ ಮತ್ತೆ ಹೇಳಬೇಕು. ಕೇಳುವವರಿಗೆ ಬೇಜಾರು ಅನ್ನಿಸಬಹುದು. ಆದರೆ ಹಾಗೆ ಹೇಳಿ ಹೇಳಿಯೇ ಸಾವು ನಿಜ ಅಂತ ಮನಸ್ಸು ಒಪ್ಪಿಕೊಳ್ಳುವುದು. ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಹೇಳಲು ಅವರ ಹತ್ತಿರ ಏನೂ ಇರಲಿಲ್ಲ. ಅವರು ಏನನ್ನೂ ನೋಡಿರಲಿಲ್ಲ.

ಎಲ್ಲರೂ ಮೆಚ್ಚಿದ ವೈರಾಗ್ಯ

ಆ ಮಳೆಗಾಲದಲ್ಲೇ ಓದು ಶುರುವಾಯಿತು. ಮೊದಲು ಗರುಡ ಪುರಾಣ. ಆಮೇಲೆ ಯಮನನ್ನು ನಚಿಕೇತ ಪ್ರಶ್ನೆ ಕೇಳುವ ಕಠೋಪನಿಷತ್ತು. ಬೌದ್ಧರ ಕತೆಗಳು. ಮಗಳಿಗೆ ಹೇಳಿ ಇಂಗ್ಲಿಷ್ ಪುಸ್ತಕಗಳನ್ನೂ ತರಿಸಿದರು. ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಬರೆದ, ಸಾವಿನ ಐದು ಹಂತಗಳ ಪುಸ್ತಕವೂ ಬಂತು. ಓದಿದ್ದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದಿಟ್ಟರು. ಬೇರೆ ಮನೆಯಲ್ಲಿ ಸಾವಾದರೆ ಜನ ಇವರನ್ನೇ ಕರೆಯುವಂತಾಯಿತು. ಇವರು ಹೋಗಿ ನಾಲ್ಕು ಸಮಾಧಾನದ ಮಾತು ಹೇಳಿ ಬರುತ್ತಿದ್ದರು. ಊರಲ್ಲಿ ಅವರಿಗೆ ಸ್ಥಿತಪ್ರಜ್ಞ ಅಂತ ಹೆಸರು ಬಂತು.

ಇತ್ತ ಮನೆಯಲ್ಲಿ ಬೇರೆಯೇ ನಡೆಯುತ್ತಿತ್ತು. ಒಂದು ಹೊತ್ತಿನ ಊಟ ನಿಂತಿತು. ಅಂಗಿ ಸಡಿಲವಾಯಿತು. ರಾತ್ರಿ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ತೋಟಕ್ಕೆ ಇಳಿಯುವುದನ್ನೇ ಬಿಟ್ಟರು. ಮಳೆಗಾಲದ ಬೋರ್ಡೋ ಸಿಂಪಡಣೆ ಆಗಲಿಲ್ಲ, ಕೊಳೆ ರೋಗ ಬಂದು ಕಾಯಿ ಉದುರಿತು. "ಉದುರಲಿ ಬಿಡು" ಅಂದರಂತೆ. ಜನ ಇದನ್ನೂ ವೈರಾಗ್ಯ ಅಂದುಕೊಂಡರು. ಪುಸ್ತಕಗಳನ್ನು ಒಂದೊಂದಾಗಿ ಶಾಲೆಗೆ ಕೊಡತೊಡಗಿದರು. ತೋಟದ ಕಾಗದಪತ್ರ ಮಗಳ ಹೆಸರಿಗೆ ಮಾಡಿಸಿದರು.

ಅನುಮಾನ ಬಂದದ್ದು ಅಣ್ಣನ ಮಗನ ಹೆಂಡತಿಗೆ. ಪಿಯುಸಿ ಓದಿದ ಹೆಣ್ಣುಮಗಳು. ಒಂದು ದಿನ ತಿಂಡಿ ಕೊಡಲು ಹೋದಾಗ ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿದ್ದು ಕಂಡಿತು. ಪ್ರತಿ ಚೀಟಿಯಲ್ಲೂ ದುಂಡಗಿನ ಅಕ್ಷರ. ಪಣತದ (ಕಣಜದ) ಬೀಗ, ಕಪಾಟಿನ ಬೀಗ, ಪಂಪ್‌ಹೌಸ್ ಬೀಗ. "ಚಿಕ್ಕಮಾವ ಯಾರಿಗೋ ಚಾರ್ಜ್ ಕೊಟ್ಟು ಹೋಗೋ ಹಾಗೆ ಇತ್ತು" ಅಂತ ಆಮೇಲೆ ನನಗೆ ಹೇಳಿದಳು. ಗಂಡ ನಂಬಲಿಲ್ಲ. ಅವಳು ಬಿಡಲಿಲ್ಲ. ಈ ಪ್ರಕರಣದಲ್ಲಿ ಯಾರಿಗಾದರೂ ಕೈ ಮುಗಿಯಬೇಕು ಅಂದರೆ ಅವಳಿಗೆ.

ನನ್ನ ಹತ್ತಿರ ಬರುವ ಮೊದಲು ಮನೆಯವರು ಏನೂ ಮಾಡಿರಲಿಲ್ಲ ಅಂತಲ್ಲ. ಮಗಳು ಬೆಂಗಳೂರಿಗೆ ಕರೆದೊಯ್ದಿದ್ದಳು, ಫ್ಲಾಟಿನಲ್ಲಿ ಉಸಿರು ಕಟ್ಟುತ್ತದೆ ಅಂತ ವಾಪಸ್ ಬಂದರು. ಕಾಶಿಗೂ ಹೋಗಿ ಬಂದಿದ್ದಾಯಿತು. ಪರಿಚಯದ ಡಾಕ್ಟರೊಬ್ಬರು ನಿದ್ದೆ ಮಾತ್ರೆ ಕೊಟ್ಟಿದ್ದರು. ಯಾವುದೂ ಹೆಚ್ಚು ದಿನ ನಿಲ್ಲಲಿಲ್ಲ.

ಮೊದಲ ಭೇಟಿ

2023ರ ಮಳೆಗಾಲದಲ್ಲಿ ಬಂದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ, ಹೆಗಲಿಗೆ ಬಟ್ಟೆ ಚೀಲ. ಚೀಲದೊಳಗೆ ಆ ನೋಟ್ ಪುಸ್ತಕ. ಕೂತವರೇ ಐದು ಹಂತಗಳ ಬಗ್ಗೆ ಮಾತು ಶುರು ಮಾಡಿದರು. ಅಲ್ಲಗಳೆಯುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ತಾನು ಐದನೆಯದಕ್ಕೆ ತಲುಪಿದ್ದೇನೆ ಅಂದರು. ಪಾಠ ಮಾಡುವ ದನಿ. ಎಲ್ಲೂ ತಡವರಿಕೆ ಇಲ್ಲ. ಅಷ್ಟು ಹೊತ್ತು ಮಾತಾಡಿದರೂ ಹೆಂಡತಿಯ ಬಗ್ಗೆ ಒಂದು ಮಾತೂ ಬರಲಿಲ್ಲ.

ಈ ಐದು ಹಂತಗಳ ಬಗ್ಗೆ ಇಲ್ಲೇ ಒಂದು ಮಾತು. ಕ್ಯೂಬ್ಲರ್-ರಾಸ್ ಮಾತಾಡಿಸಿದ್ದು ಸಾಯುವ ಕಾಯಿಲೆ ಬಂದ ರೋಗಿಗಳನ್ನು. ಹಂತಗಳ ಮಾತು ಬಂದದ್ದು ಅವರಿಂದ. ಅದನ್ನು ಆಮೇಲೆ ಉಳಿದವರ ದುಃಖಕ್ಕೂ ಅಂಟಿಸಿದರು. ದುಃಖ ಹಾಗೆ ಒಂದರಿಂದ ಐದಕ್ಕೆ ಸಾಲಾಗಿ ನಡೆಯುವುದಿಲ್ಲ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಅನ್ನುವ ಸಂಶೋಧಕರು 1999ರಲ್ಲಿ ಬೇರೆ ರೀತಿ ಹೇಳಿದರು. ಕಳೆದುಕೊಂಡವರು ಎರಡು ಕಡೆ ಓಡಾಡುತ್ತಾರೆ. ಒಮ್ಮೆ ಸತ್ತವರ ನೆನಪಿಗೆ, ಅಳುವಿಗೆ. ಒಮ್ಮೆ ಹಾಲು ಕರೆಯುವ, ಕರೆಂಟ್ ಬಿಲ್ ಕಟ್ಟುವ ಕೆಲಸಕ್ಕೆ. ಹೋಗಿ ಬರುತ್ತಾ ಇದ್ದರೆ ಬದುಕು ನಿಧಾನಕ್ಕೆ ದಾರಿಗೆ ಬರುತ್ತದೆ. ನಾನು ನೋಡಿದವರಲ್ಲಿ ಈ ಮಾತು ಹೆಚ್ಚು ಹೊಂದುತ್ತದೆ. ಮೇಷ್ಟ್ರು ಎರಡೂ ಕಡೆ ಹೋಗುತ್ತಿರಲಿಲ್ಲ. ಹೆಂಡತಿಯ ನೆನಪಿಗೂ ಹೋಗಲಿಲ್ಲ, ತೋಟಕ್ಕೂ ಇಳಿಯಲಿಲ್ಲ. ನಡುವೆ ಪುಸ್ತಕ ಹಿಡಿದು ಕೂತಿದ್ದರು.

ಮಾತು ಒಂದು ಕಡೆ ನಿಂತಾಗ ನೇರವಾಗಿ ಕೇಳಿದೆ. "ಮೇಷ್ಟ್ರೇ, ಸಾಯಬೇಕು ಅಂತ ಅನ್ನಿಸಿದೆಯಾ?"

ಈ ಪ್ರಶ್ನೆ ಕೇಳಲು ತುಂಬ ಜನ ಹೆದರುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂದುಕೊಳ್ಳುತ್ತಾರೆ. ಅದು ತಪ್ಪು ತಿಳಿವಳಿಕೆ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಒಬ್ಬರೇ ಹೊತ್ತಿದ್ದ ಭಾರ ಇಳಿಸಲು ಜಾಗ ಸಿಗುತ್ತದೆ. ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿ ಬರುತ್ತದೆ.

ಅವರು ಕೊಡೆಯ ಹಿಡಿಯನ್ನೇ ನೋಡುತ್ತಾ ಹೇಳಿದರು. "ಏನಾದರೂ ಮಾಡಿಕೊಳ್ಳಬೇಕು ಅಂತಿಲ್ಲ ಮೇಡಂ. ಬೆಳಿಗ್ಗೆ ಏಳದೇ ಹೋದರೆ ಸಾಕಿತ್ತು ಅಂತ ದಿನಾ ಅನ್ನಿಸ್ತದೆ. ಎಲ್ಲ ಜೋಡಿಸಿ ಇಟ್ಟಿದೀನಿ."

ಮೊದಲ ತಿರುವು ಇದು. ಅವರ ಒಪ್ಪಿಗೆ ಕೇಳಿ, ಹೊರಗೆ ಕೂತಿದ್ದ ಅಣ್ಣನ ಮಗನ ಹೆಂಡತಿಯನ್ನು ಒಳಗೆ ಕರೆದೆ. ಮೂವರೂ ಕೂತು ಒಂದು ಸುರಕ್ಷತೆಯ ಯೋಜನೆ ಮಾಡಿದೆವು. ತೋಟದ ವಿಷದ ಔಷಧಿ, ಲೈಸೆನ್ಸಿನ ಕೋವಿ ಅವತ್ತೇ ಆ ಮನೆಯಿಂದ ಆಚೆ ಹೋದವು. ರಾತ್ರಿ ಅಣ್ಣನ ಮಗ ಜಗಲಿಯಲ್ಲಿ ಮಲಗಬೇಕು ಅಂತಾಯಿತು. ಮಲೆನಾಡಿನ ತೋಟದ ಮನೆಗಳಲ್ಲಿ ವಿಷ, ಕೋವಿ ಎರಡೂ ಕೈಗೆ ಸಿಗುವ ಹಾಗೆ ಇರುತ್ತವೆ. ಗಳಿಗೆ ಕೆಟ್ಟದಾಗಿದ್ದಾಗ ಅವು ದೂರ ಇದ್ದರೆ ಜೀವ ಉಳಿಯುತ್ತದೆ. ಟೆಲಿ ಮನಸ್ ನಂಬರನ್ನು ದೊಡ್ಡದಾಗಿ ಬರೆದು ಕೊಟ್ಟೆ. 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದೇ ವಾರ ಮನೋವೈದ್ಯರನ್ನು ಕಾಣುವುದು ಅಂತ ತೀರ್ಮಾನವಾಯಿತು.

ಮಾತ್ರೆಯ ಜಗಳ

"ಹೆಂಡತಿ ಸತ್ತಿದ್ದಕ್ಕೆ ಮಾತ್ರೆ ನುಂಗಬೇಕಾ?" ಇದು ಮೇಷ್ಟ್ರ ಪ್ರಶ್ನೆ. ಸಿಟ್ಟಿನಿಂದಲೇ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ದುಃಖ ಕಾಯಿಲೆ ಅಲ್ಲ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಕೂಡ 1917ರ ತನ್ನ ಲೇಖನದಲ್ಲಿ ಸಾವಿನ ಶೋಕವನ್ನು ಕಾಯಿಲೆ ಅಂತ ನೋಡಬಾರದು ಅಂದಿದ್ದಾನೆ.

ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಸಾವಿನ ದುಃಖ ಕೆಲವರಲ್ಲಿ ಕಡಿಮೆಯಾಗದೆ ಹೆಪ್ಪುಗಟ್ಟಿ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಇದಕ್ಕೆ ಜಾಗ ಇದೆ. 6 ತಿಂಗಳಿಗಿಂತ ಹೆಚ್ಚು ಹಾಗೇ ಇದ್ದು, ಆ ಸಮಾಜದ ರೀತಿ ರಿವಾಜಿಗೂ ಮೀರಿದ್ದು, ದಿನದ ಬದುಕು ಕೆಟ್ಟಿದ್ದರೆ ಗಮನ ಕೊಡಬೇಕು ಅನ್ನುತ್ತದೆ ಅದು. ಅಮೆರಿಕದ ಮನೋವೈದ್ಯರು 2022ರಲ್ಲಿ ಪರಿಷ್ಕರಿಸಿದ ಕೈಪಿಡಿ ದೊಡ್ಡವರಿಗೆ 12 ತಿಂಗಳು ಅನ್ನುತ್ತದೆ. ನಮ್ಮಲ್ಲೂ ವರ್ಷಾಂತಿಕ ಅಂತ ಒಂದಿದೆಯಲ್ಲ. ಅಷ್ಟರೊಳಗೆ ಮನೆಯವರು ಮದುವೆ ಮುಂಜಿಗೆ ಹೋಗುವಷ್ಟಾಗಲಿ ಅನ್ನುವ ಲೆಕ್ಕ ಅದರಲ್ಲೂ ಇದೆ ಅಂತ ನನಗೆ ಅನ್ನಿಸುತ್ತದೆ. ಮೇಷ್ಟ್ರಲ್ಲಿ ಈ ಹೆಪ್ಪುಗಟ್ಟಿದ ದುಃಖದ ಜೊತೆಗೆ ಖಿನ್ನತೆಯೂ ಸೇರಿತ್ತು. ಬೆಳಗಿನ ಜಾವದ ಎಚ್ಚರ, ತೂಕ ಇಳಿದದ್ದು, ಯಾವುದರಲ್ಲೂ ಆಸೆ ಇಲ್ಲದ್ದು ಅದರ ಗುರುತು.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ-12 ತುಂಬ ಕಡಿಮೆ ಬಂತು. ಸಸ್ಯಾಹಾರಿಗಳಲ್ಲಿ, ವಯಸ್ಸಾದವರಲ್ಲಿ ಇದು ಸಾಮಾನ್ಯ. ಇದೊಂದರಿಂದಲೇ ಸುಸ್ತು, ಮರೆವು, ಮಂಕು ಬರಬಹುದು. ಇಂಜೆಕ್ಷನ್ ಶುರುವಾಯಿತು. ಖಿನ್ನತೆಯ ಮಾತ್ರೆಯೂ ಶುರುವಾಯಿತು. ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು, ಹುಷಾರಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು. ಇದನ್ನು ಮೊದಲೇ ಹೇಳದಿದ್ದರೆ ಜನ ಹತ್ತು ದಿನ ನುಂಗಿ "ಏನೂ ಆಗಲಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಮೇಷ್ಟ್ರು ಒಪ್ಪಿದ್ದು ಬಿ-12 ಕಾರಣಕ್ಕೆ. ದೇಹದ ಒಂದು ಕೊರತೆ ಕಾಗದದ ಮೇಲೆ ಕಂಡಾಗ ಮನಸ್ಸಿನದ್ದನ್ನು ಒಪ್ಪುವುದೂ ಸುಲಭವಾಯಿತು.

ಪುಸ್ತಕವನ್ನು ಬಿಡಿಸುವುದೋ, ಹಿಡಿಸುವುದೋ

ಮಗಳು ಫೋನ್ ಮಾಡಿ "ಆ ಸಾವಿನ ಪುಸ್ತಕಗಳನ್ನೆಲ್ಲ ಅಪ್ಪನ ಕೈಯಿಂದ ಬಿಡಿಸಿ" ಅಂದಳು. ನನಗೆ ಅದು ಸರಿ ಅನ್ನಿಸಲಿಲ್ಲ. ಜೀವಮಾನ ಪೂರ್ತಿ ಪುಸ್ತಕ ಹಿಡಿದ ಮನುಷ್ಯ. ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು? ಓದು ಅವರನ್ನು ಎಲ್ಲಿಗೆ ಕರೆದೊಯ್ಯುತ್ತಿದೆ ಅಂತ ನೋಡಬೇಕಿತ್ತು.

ಓದಿದ ಪುಸ್ತಕಗಳನ್ನು ತರಲು ಹೇಳಿದೆ. ತಂದರು. ಎಲ್ಲದರಲ್ಲೂ ಸಣ್ಣ ಪೆನ್ಸಿಲ್ ಗುರುತು. ಆತ್ಮ, ಕಾಲ, ಕರ್ಮ, ಮುಕ್ತಿ ಬರುವ ಕಡೆ ಗೆರೆ ಇತ್ತು. ಸತ್ತವರ ಕೈ, ಸೀರೆ, ತಿಂದುಂಡ ತಟ್ಟೆ ಬರುವ ಕಡೆ ಒಂದು ಗುರುತೂ ಇಲ್ಲ. ಎಲ್ಲ ಸಾವುಗಳ ಬಗ್ಗೆ ಓದಿ ಓದಿ ಆ ಒಂದು ಸಾವಿನಿಂದ ದೂರ ಉಳಿದಿದ್ದರು.

ಕನ್ನಡ ಕಾದಂಬರಿ ಯಾವುದೂ ಇರಲಿಲ್ಲ. ಕನ್ನಡ ಮೇಷ್ಟ್ರ ಚೀಲದಲ್ಲಿ ಅದು ಇಲ್ಲದ್ದು ವಿಚಿತ್ರ ಅಲ್ವಾ? ಕೇಳಿದೆ. "ಮೊದಲು ಅವನ್ನೇ ಶಾಲೆಗೆ ಕೊಟ್ಟೆ" ಅಂದರು. "ಎಲ್ಲಕ್ಕಿಂತ ಮೊದಲು ಕೊಟ್ಟದ್ದು ಯಾವುದು?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಂಸ್ಕಾರ."

ಯು. ಆರ್. ಅನಂತಮೂರ್ತಿಯವರ ಆ ಕಾದಂಬರಿ ಗೊತ್ತಿರುವವರಿಗೆ ಈ ಉತ್ತರ ಸಾಕು. ಅನಂತಮೂರ್ತಿ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯವರು. ಪುಸ್ತಕ ಬಂದದ್ದು 1965ರಲ್ಲಿ. ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಸಂಸ್ಕಾರ ಯಾರು ಮಾಡಬೇಕು ಅಂತ ತೀರ್ಮಾನವಾಗದೆ ಹೆಣ ಹಾಗೇ ಬಿದ್ದಿರುತ್ತದೆ. ಊರಿಗೆ ಪ್ಲೇಗ್ ಬಂದಿರುತ್ತದೆ. ಹೆಂಡತಿಯ ಶವವನ್ನು ನೋಡದ, ಅವಳ ಸಂಸ್ಕಾರ ಮಾಡದ ಮನುಷ್ಯ ಮನೆಯಿಂದ ಮೊದಲು ಆಚೆ ಕಳಿಸಿದ್ದು ಈ ಪುಸ್ತಕವನ್ನು. ಅಂದರೆ ಎಲ್ಲಿ ನೋವಿದೆ ಅಂತ ಅವರಿಗೆ ಗೊತ್ತಿತ್ತು.

ಆದರೆ ತಕ್ಷಣ ಅದಕ್ಕೆ ಕೈ ಹಾಕಲಿಲ್ಲ. ಬೆಳಗಿನ ಜಾವದ ಯೋಚನೆಗಳು ತಗ್ಗಬೇಕು, ಒಂದಿಷ್ಟು ನಿದ್ದೆ ಬರಬೇಕು, ಊಟ ಸರಿಯಾಗಬೇಕು. ಆಮೇಲೆ ನೋಡೋಣ ಅಂತ ಡಾಕ್ಟರೂ ನಾನೂ ಮಾತಾಡಿಕೊಂಡೆವು. ಪುಸ್ತಕ ಒಳ್ಳೆಯದೇ ಇರಬಹುದು. ಮುಳುಗುತ್ತಿರುವವರ ಕೈಗೆ ಅದನ್ನು ಕೊಡಬಾರದು, ದಡ ಹಿಡಿದ ಮೇಲೆ ಕೊಡಬೇಕು. ಮಳೆ ಕಡಿಮೆಯಾಗಿ ಅಡಿಕೆ ಕೊನೆ ಕೊಯ್ಯುವ ಹೊತ್ತಿಗೆ ಅವರು ಐದರವರೆಗೆ ಮಲಗುವಂತಾಗಿದ್ದರು. ಆಗ ನಾನೇ ಒಂದು ಪ್ರತಿ ತಂದಿಟ್ಟೆ. ಮನೆಗೆ ಕೊಂಡೊಯ್ಯುವುದು ಬೇಡ, ಇಲ್ಲೇ ಗಟ್ಟಿಯಾಗಿ ಓದೋಣ ಅಂದೆ. ಒಬ್ಬರೇ ಓದಿದರೆ ಕಣ್ಣು ಬೇಕಾದ ಕಡೆ ಹಾರಿಬಿಡುತ್ತದೆ. ಎದುರು ಯಾರಾದರೂ ಕೂತು ಕೇಳುತ್ತಿದ್ದರೆ ಬಾಯಿ ಹಾಗೆ ಹಾರುವುದಿಲ್ಲ.

ನನ್ನ ಅಮ್ಮನ ಮಾತು

ಸಮಾಲೋಚಕರು ತಮ್ಮ ಸ್ವಂತ ವಿಷಯ ಎತ್ತುವುದು ಕಡಿಮೆ. ಎದುರಿನವರ ಸಮಯ ನಮ್ಮ ಕತೆಗೆ ಖರ್ಚಾಗಬಾರದು. ಮೇಷ್ಟ್ರ ಹತ್ತಿರ ಒಂದು ಸಲ ಎತ್ತಿದೆ, ಯೋಚಿಸಿಯೇ ಎತ್ತಿದೆ. ನಾನು ಪಠ್ಯದಿಂದ ಮಾತಾಡುತ್ತಿದ್ದೇನೆ, ತಾನೂ ಪಠ್ಯದಿಂದ ಉತ್ತರ ಕೊಟ್ಟರಾಯಿತು ಅನ್ನುವ ಹಾಗೆ ಅವರು ಕೂರುತ್ತಿದ್ದರು.

ನನ್ನ ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೆ ನಾನೂ ತುಂಬ ಓದಿದೆ. ಅದರಲ್ಲಿ ಉಳಿದದ್ದು ಶಿವರಾಮ ಕಾರಂತರ 'ಅಳಿದ ಮೇಲೆ'. 1960ರ ಕಾದಂಬರಿ. ಯಶವಂತರಾಯ ಅನ್ನುವವರು ಮುಂಬಯಿಯಲ್ಲಿ ಸಾಯುತ್ತಾರೆ. ಅವರು ಬರೆದಿಟ್ಟ ದಿನಚರಿ, ಸ್ವಲ್ಪ ಹಣ ಕತೆ ಹೇಳುವವರ ಕೈಗೆ ಬರುತ್ತದೆ. ಅವರು ಸತ್ತವರ ನಂಟರನ್ನು ಹುಡುಕಿಕೊಂಡು ಹೋಗುತ್ತಾರೆ. ಸತ್ತ ಮೇಲೆ ಒಬ್ಬ ಮನುಷ್ಯನನ್ನು ತಿಳಿಯುತ್ತಾ ಹೋಗುವ ಕತೆ. ಅದನ್ನು ಓದಿ ಮುಗಿಸಿ ನಾನು ಅಮ್ಮ ಹೊಲಿಗೆ ಕಲಿತ ಮನೆಗೆ ಹೋಗಿ ಕೂತೆ. ಅಮ್ಮ ಅಲ್ಲಿ ಹೊಲಿಯುತ್ತಾ ಹಾಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಅವರು ಹಾಡಿದ್ದನ್ನು ನಾನು ಕೇಳೇ ಇರಲಿಲ್ಲ. ಅವತ್ತು ಅತ್ತಷ್ಟು ಅಮ್ಮ ಹೋದ ದಿನವೂ ಅತ್ತಿರಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದೆ. ಮೇಷ್ಟ್ರು ಏನೂ ಅನ್ನಲಿಲ್ಲ. ಹೊರಡುವಾಗ ಮೊದಲ ಸಲ "ಬರ್ತೀನಮ್ಮಾ" ಅಂದರು. ಅಲ್ಲಿಯವರೆಗೆ ಮೇಡಂ ಅನ್ನುತ್ತಿದ್ದರು.

ಓದು ನಿಂತ ಜಾಗ

ಕಾದಂಬರಿಯನ್ನು ಸ್ವಲ್ಪ ಸ್ವಲ್ಪ ಓದಿದೆವು. ಅವರು ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಒಳ್ಳೆಯ ದನಿ. ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿಯ ಭಾಗ ಬಂತು. ಬ್ರಾಹ್ಮಣರೆಲ್ಲ ಶಾಸ್ತ್ರ ಹುಡುಕುತ್ತಾ ಕೂತಾಗ ಅವಳು ರಾತ್ರಿ ಹೋಗಿ ಸಹಾಯ ಕೇಳುತ್ತಾಳೆ. ಮೀನು ವ್ಯಾಪಾರದ ಅಹಮದ್ ಬ್ಯಾರಿ ಗಾಡಿ ಕಟ್ಟಿಕೊಂಡು ಬರುತ್ತಾನೆ. ಯಾರಿಗೂ ತಿಳಿಯದ ಹಾಗೆ ಹೆಣ ಸುಡುತ್ತಾರೆ. ಮೇಷ್ಟ್ರು ಅಲ್ಲಿ ಓದು ನಿಲ್ಲಿಸಿದರು. ಕನ್ನಡಕ ತೆಗೆದು ಪುಸ್ತಕದ ಮೇಲೆ ಇಟ್ಟರು.

"ಇವಳನ್ನ ಸುಟ್ಟವರು ಯಾರು ಅಂತ ನಾನು ಕೇಳಲೇ ಇಲ್ಲ."

ಆಮೇಲೆ ಬಂದ ಮಾತಿನಲ್ಲಿ ಎಲ್ಲ ಇತ್ತು. ಆ ದಿನಗಳಲ್ಲಿ ಮೊಬೈಲಿಗೆ ಒಂದು ವಿಡಿಯೋ ಬಂದಿತ್ತಂತೆ. ಬೇರೆ ಎಲ್ಲಿಯದೋ. ಶವಗಳನ್ನು ಗುಂಡಿಗೆ ಎಸೆಯುವ ವಿಡಿಯೋ. ಹೆಂಡತಿ ಆಸ್ಪತ್ರೆಯಲ್ಲಿ ಇದ್ದಾಗಲೇ ನೋಡಿದ್ದರು. ಅಂದಿನಿಂದ ಪ್ರತಿ ಬೆಳಗಿನ ಜಾವ ಮೂರಕ್ಕೆ ಎಚ್ಚರವಾದಾಗ ಕಾಣುತ್ತಿದ್ದದ್ದು ಅದೇ. ಎಸೆದರೇನೋ. ಇವಳನ್ನೂ ಹಾಗೇ ಎಸೆದರೇನೋ. ಎದ್ದು ದೀಪ ಹಾಕಿ ಉಪನಿಷತ್ತು ತೆಗೆಯುತ್ತಿದ್ದರು.

ಎರಡು ವರ್ಷದ ಓದಿನ ಅಡಿಯಲ್ಲಿ ಇದ್ದದ್ದು ಈ ಒಂದು ಚಿತ್ರ. ಅದಕ್ಕೆ ಉತ್ತರ ಯಾವ ಗ್ರಂಥದಲ್ಲೂ ಇರಲಿಲ್ಲ. ಉತ್ತರ ಗೊತ್ತಿದ್ದವನು ಪಕ್ಕದ ಮನೆಯಲ್ಲೇ ಇದ್ದ.

ನೋಡಿದವರನ್ನು ಕೇಳುವುದು

ಅಣ್ಣನ ಮಗನನ್ನು ಕರೆಸಿದೆವು. ಅವನು ಬಂದು ಕೂತ. ಚಿಕ್ಕಪ್ಪನ ಮುಖ ನೋಡಲಿಲ್ಲ. "ಚಿಕ್ಕಪ್ಪ, ನಾನು ದೂರ ನಿಂತಿದ್ದೆ. ಹತ್ತಿರ ಹೋಗಕ್ಕೆ ಹೆದರಿಕೆ ಆಯ್ತು. ನೀವು ಕೇಳಿದ್ರೆ ಏನು ಹೇಳದು ಅಂತ ನಿಮ್ಮ ಎದುರು ಬರೋಕೇ ಆಗ್ತಿರ್ಲಿಲ್ಲ." ಅವನಿಗೂ ಅದೇ ಎರಡು ವರ್ಷ. ಇವರು ಕೇಳಲಿಲ್ಲ, ಅವನು ಹೇಳಲಿಲ್ಲ. ನಡುವೆ ಒಂದು ಬೇಲಿ ಅಷ್ಟೆ.

ಅವನು ಕಂಡದ್ದನ್ನು ಹೇಳಿದ. ಆದರೆ ದೂರದಿಂದ ಕಂಡದ್ದು. ಮೇಷ್ಟ್ರು ಎತ್ತಿದವರನ್ನೇ ನೋಡಬೇಕು ಅಂದರು. ಇದು ಕಷ್ಟದ ತೀರ್ಮಾನ. ಆ ಕೆಲಸದವರು ಸಿಗದೇ ಹೋಗಬಹುದು. ಸಿಕ್ಕರೂ ನೆನಪಿಲ್ಲ ಅನ್ನಬಹುದು. ಕೇಳಬಾರದ್ದನ್ನೂ ಹೇಳಿಬಿಡಬಹುದು. ಮೂರನ್ನೂ ಒಂದೊಂದಾಗಿ ಮುಂದಿಟ್ಟು ಕೇಳಿದೆ, ಹೀಗಾದರೆ ಏನು ಮಾಡುತ್ತೀರಿ? ಅವರು ಯೋಚಿಸಿ ಉತ್ತರ ಕೊಟ್ಟರು. "ಮೂರು ಗಂಟೆಗೆ ಕಾಣೋದಕ್ಕಿಂತ ಕೆಟ್ಟದ್ದು ಇರಲಾರದು." ಡಾಕ್ಟರಿಗೂ ತಿಳಿಸಿ, ಮುಂದಿನ ಕೆಲವು ದಿನ ಮನೆಯಲ್ಲಿ ಯಾರು ಜೊತೆಗಿರುತ್ತಾರೆ ಅಂತ ಗೊತ್ತು ಮಾಡಿಕೊಂಡು ಮುಂದುವರಿದೆವು.

ಪರಿಚಯದವರ ಮೂಲಕ ಒಬ್ಬ ಸಿಕ್ಕಿದ. ಆಗ ಶವ ಸಾಗಿಸುವ ವ್ಯಾನ್ ಓಡಿಸುತ್ತಿದ್ದ, ಇಳಿಸುವ ಕೆಲಸಕ್ಕೂ ಕೈ ಹಾಕುತ್ತಿದ್ದ ಹುಡುಗ. ನನ್ನ ಕೋಣೆಯಲ್ಲೇ ಭೇಟಿ. ಅವನೂ ಹೆದರಿಕೊಂಡೇ ಬಂದಿದ್ದ, ಯಾರೋ ದೂರು ಕೊಡಲು ಕರೆದಿದ್ದಾರೆ ಅಂತ. ಮೇಷ್ಟ್ರು ಹೆಂಡತಿಯ ಫೋಟೋ ತೋರಿಸಿದರು. ಹುಡುಗ ತುಂಬ ಹೊತ್ತು ನೋಡಿದ.

"ಸುಳ್ಳು ಹೇಳಲ್ಲ ಸಾರ್. ಅಮ್ಮನೋರು ನೆನಪಿಲ್ಲ. ಆಗ ಮುಖ ಕಾಣ್ತಿರ್ಲಿಲ್ಲ, ಎಲ್ಲ ಸುತ್ತಿರ್ತಿತ್ತು. ಆದ್ರೆ ನಾವು ಯಾರನ್ನೂ ಎಸ್ದಿಲ್ಲ. ನಾಲ್ಕು ಜನ ಹಿಡ್ಕಂಡೇ ಇಳಿಸ್ತಿದ್ವಿ. ಹೂ ಸಿಕ್ಕಿದ ದಿನ ಹೂ ಹಾಕಿದ್ವಿ. ಸಿಗದ ದಿನ ಬಾಟ್ಲಿ ನೀರು ಬಿಟ್ಟು ಕೈ ಮುಗೀತಿದ್ವಿ."

ಮೇಷ್ಟ್ರು ಅವನ ಕೈ ನೋಡುತ್ತಿದ್ದರು. ಗ್ಲೌಸಿನ ಬೆವರಿಗೆ, ಸ್ಯಾನಿಟೈಸರಿಗೆ ಆಗ ಅಂಗೈ ಸಿಪ್ಪೆ ಏಳುತ್ತಿತ್ತಂತೆ. ಮನೆಗೂ ಹೋಗದೆ ವ್ಯಾನಿನಲ್ಲೇ ಮಲಗುತ್ತಿದ್ದನಂತೆ, ಮಗು ಚಿಕ್ಕದಿತ್ತು ಅಂತ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ಊಟಕ್ಕೆ ಏನು ಮಾಡ್ತಿದ್ದಿರಪ್ಪ?"

ವಾಪಸ್ ಹೋಗುವಾಗ ಮಂಡಗದ್ದೆ ಹತ್ತಿರ ಕಾರು ನಿಲ್ಲಿಸಲು ಹೇಳಿದರಂತೆ. ಇಳಿದು ಹೊಳೆ ಕಡೆ ಮುಖ ಮಾಡಿ ಜೋರಾಗಿ ಅತ್ತರಂತೆ. ಅಣ್ಣನ ಮಗ ಫೋನಿನಲ್ಲಿ ಹೇಳುವಾಗ ಅವನ ದನಿಯೂ ನಡುಗುತ್ತಿತ್ತು.

ಏನಾಯಿತು, ಏನು ಆಗಲಿಲ್ಲ

ಅತ್ತ ಮೇಲೆ ಎಲ್ಲ ಸರಿಹೋಯಿತು ಅಂತ ಬರೆಯಲು ಸಾಧ್ಯವಿಲ್ಲ. ಮುಂದಿನ ವಾರಗಳು ಇನ್ನೂ ಕಷ್ಟವಾಗಿದ್ದವು. ನಿದ್ದೆ ಮತ್ತೆ ಕೆಟ್ಟಿತು. ಹೆಂಡತಿಯ ಸೀರೆ ಪೆಟ್ಟಿಗೆ ತೆಗೆದು ದಿನವಿಡೀ ಕೂತರು. ಇದನ್ನು ನಾವು ನಿರೀಕ್ಷಿಸಿದ್ದೆವು. ಹೆಪ್ಪುಗಟ್ಟಿದ್ದು ಕರಗುವಾಗ ಹೀಗಾಗುತ್ತದೆ ಅಂತ ಮನೆಯವರಿಗೆ ಮೊದಲೇ ಹೇಳಿದ್ದರಿಂದ ಅವರು ಗಾಬರಿಯಾಗಲಿಲ್ಲ. ಈಗಿನ ಅಳುವಿಗೂ ಮೊದಲಿನ ಮೌನಕ್ಕೂ ವ್ಯತ್ಯಾಸ ಇತ್ತು. ಈಗ ಹೆಂಡತಿಯ ಮಾತು ಬರುತ್ತಿತ್ತು. ಪತ್ರೊಡೆಗೆ ಅವಳು ಬೆಲ್ಲ ಜಾಸ್ತಿ ಹಾಕುತ್ತಿದ್ದದ್ದು, ಮೇಷ್ಟ್ರ ಅಕ್ಷರ ದುಂಡಗಿದೆ ಅಂತ ಹಾಲಿನ ಲೆಕ್ಕ ಅವರಿಂದಲೇ ಬರೆಸುತ್ತಿದ್ದದ್ದು. ಬರಬರುತ್ತಾ ತೋಟಕ್ಕೂ ಇಳಿದರು. ಬೀಗದ ಕೈಗಳ ಚೀಟಿಗಳನ್ನು ಅವರೇ ಬಿಚ್ಚಿದರು ಅಂತ ಅಣ್ಣನ ಮಗನ ಹೆಂಡತಿ ತಿಳಿಸಿದಳು.

ವೈರಾಗ್ಯಕ್ಕೂ ಖಿನ್ನತೆಗೂ ಗೆರೆ ಎಲ್ಲಿ ಅಂತ ಈ ಪ್ರಕರಣದ ನಂತರ ಸಹೋದ್ಯೋಗಿಗಳು ಕೇಳಿದ್ದಾರೆ. ನನಗೆ ಕಂಡಂತೆ, ನಿಜವಾಗಿ ಬಿಟ್ಟುಕೊಟ್ಟವರು ಸತ್ತವರ ಹೆಸರು ಎತ್ತಲು ಹಿಂಜರಿಯುವುದಿಲ್ಲ. ಅವರಿಗೆ ಊಟ ರುಚಿಸುತ್ತದೆ, ಪಕ್ಕದ ಮನೆಯ ಮಗು ಬಂದರೆ ಮುಖ ಅರಳುತ್ತದೆ. ಮಾತೆಲ್ಲ ತತ್ವ, ದೇಹ ಮಾತ್ರ ಇಳಿಯುತ್ತಾ ಹೋಗುತ್ತಿದ್ದರೆ ಅನುಮಾನ ಪಡಬೇಕು. ವಸ್ತುಗಳನ್ನು ಕೊಟ್ಟುಬಿಡುವುದು, ಕಾಗದಪತ್ರ ಜೋಡಿಸುವುದು ಕಂಡರೆ ಅವತ್ತೇ ಕೇಳಬೇಕು. ಓದಿನ ವಿಷಯದಲ್ಲೂ ಅಷ್ಟೇ. ಏನು ಓದುತ್ತಿದ್ದಾರೆ ಅನ್ನುವುದರ ಜೊತೆಗೆ ಏನನ್ನು ಬಿಟ್ಟು ಓದುತ್ತಿದ್ದಾರೆ ಅಂತ ನೋಡಿ. ಇನ್ನೊಂದು ಮಾತು ಒತ್ತಿ ಹೇಳಬೇಕು. ಮಾತ್ರೆ, ಇಂಜೆಕ್ಷನ್, ರಾತ್ರಿ ಜಗಲಿಯಲ್ಲಿ ಮಲಗಿದ ಹುಡುಗ, ಇವು ಇಲ್ಲದಿದ್ದರೆ ಯಾವ ಕಾದಂಬರಿಯೂ ಏನೂ ಮಾಡುತ್ತಿರಲಿಲ್ಲ. ಓದಿನಿಂದಲೇ ವಾಸಿಯಾಯಿತು ಅಂತ ಯಾರೂ ತಿಳಿಯಬಾರದು.

ಆಗದೇ ಉಳಿದದ್ದೂ ಇದೆ. ಮಗಳಿಗೆ ಬೇಸರ ಇದೆ. ಅಮ್ಮನ ಬಗ್ಗೆ ಅಪ್ಪ ತನ್ನ ಹತ್ತಿರ ಮಾತಾಡದೆ ಹೊರಗಿನವರ ಹತ್ತಿರ ಮಾತಾಡಿದರು ಅಂತ. ಅವಳಿಗೂ ಅಮ್ಮನ ಮುಖ ನೋಡಲು ಸಿಕ್ಕಿರಲಿಲ್ಲ. ಅವಳು ಬೆಂಗಳೂರಲ್ಲಿ ಬೇರೆಯವರ ಹತ್ತಿರ ಹೋಗುತ್ತಿದ್ದಾಳೆ. ತಂದೆ ಮಗಳು ಒಟ್ಟಿಗೆ ಕೂರುವುದು ಇನ್ನೂ ಆಗಬೇಕು. 2024ರ ಮೇ ತಿಂಗಳ ಶ್ರಾದ್ಧಕ್ಕೆ ಮೇಷ್ಟ್ರು ಊರವರನ್ನೆಲ್ಲ ಕರೆದರು. ವ್ಯಾನ್ ಹುಡುಗನನ್ನೂ ಕರೆದಿದ್ದರು. ಡ್ಯೂಟಿ ಇದ್ದದ್ದರಿಂದ ಬರಲಾಗಲಿಲ್ಲ, ಫೋನ್ ಮಾಡಿದ್ದ.

ಆ ವರ್ಷ ಡಾಕ್ಟರು ಮಾತ್ರೆಯನ್ನು ನಿಧಾನಕ್ಕೆ ಕಡಿಮೆ ಮಾಡಿ ನೋಡಿದರು. ಜುಲೈ ಮಳೆ ಹಿಡಿದು, ಕರೆಂಟ್ ಇಲ್ಲದೆ, ಬಿಸಿಲು ಕಾಣದೆ ದಿನಗಳು ಹೋಗತೊಡಗಿದಾಗ ಬೆಳಗಿನ ಜಾವದ ಎಚ್ಚರ ಮತ್ತೆ ಶುರುವಾಯಿತು. ಈ ಸಲ ಮೇಷ್ಟ್ರೇ ಫೋನ್ ಮಾಡಿ ಹೇಳಿದರು. ಮಾತ್ರೆಯನ್ನು ಹಳೆಯ ಪ್ರಮಾಣಕ್ಕೆ ತಂದರು. ಈಗ ಮೇ ತಿಂಗಳಿನಿಂದ ಮಳೆ ಬಿಡುವವರೆಗೆ ವಾರಕ್ಕೊಮ್ಮೆ ಮಾತಾಡುವುದು ಅಂತ ಗೊತ್ತು ಮಾಡಿಕೊಂಡಿದ್ದೇವೆ. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ತುದಿಯಲ್ಲಿ ಮಾತ್ರ. ಜೋರು ಮಳೆ ಇದ್ದರೆ ಅಣ್ಣನ ಮಗನ ಮನೆಯ ಲ್ಯಾಂಡ್‌ಲೈನಿಗೆ ನಾನೇ ಮಾಡುತ್ತೇನೆ.